ಗಾಜಿನ ಕಪಾಟಿನಲ್ಲಿ ಬಿಜಯಂಗೈದಿರುವ ಚೈನ್ ‘ಸಾ’ ಅವರ ಸನ್ನಿಧಾನಕ್ಕೆ

ಮಾನ್ಯರೇ,

ನಮ್ಮ ಊರಿನ ಏಕೈಕ ಯಂತ್ರೋಪಕರಣದ ಅಂಗಡಿಯಲ್ಲಿ, ಮೊಳೆಡಬ್ಬಿಗಳಿಗಿಂತ ಮೇಲೆ, ನೀರಿನ ಪಂಪುಗಳಿಗಿಂತಲೂ ಎತ್ತರದಲ್ಲಿ, ಬೀಗ ಜಡಿದ ಗಾಜಿನ ಕಪಾಟಿನೊಳಗೆ ಪುಟ್ಟ ದೀಪದ ಬೆಳಕಿನಲ್ಲಿ ಕೆಂಪಗೆ ಹೊಳೆಯುತ್ತ ಕುಳಿತಿರುವ ತಮಗೆ, ಆ ಗಾಜಿಗೆ ಮೂಗು ಒತ್ತಿದ್ದಕ್ಕಾಗಿ ಅಂಗಡಿಯ ಯಜಮಾನರಿಂದ ಬೈಸಿಕೊಂಡ ನನ್ನಂಥ ಸಾಮಾನ್ಯಳ ಅನಂತಾನಂತ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಉದ್ಧಟತನ ನಾನು ಮಾಡುವುದಿಲ್ಲ. ಮರ ಕೊಯ್ಯುವುದಕ್ಕೆಂದೇ ಹುಟ್ಟಿ ಇಂದಿನವರೆಗೆ ಒಂದು ಪೊರಕೆಕಡ್ಡಿಯನ್ನೂ ಕೊಯ್ಯದೆ, ದಿನಕ್ಕೊಮ್ಮೆ ಮೆತ್ತನೆಯ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತ ಇರುವವರ ಆರೋಗ್ಯ ಕೆಡುವುದಾದರೂ ಹೇಗೆ?

ಮೊದಲಿಗೆ ನಾನು ತಮ್ಮನ್ನು ಕರೆಯುವ ರೀತಿಯ ಬಗ್ಗೆ ಒಂದು ಮಾತು. ತಮ್ಮ ಹೆಸರಿನ ಕೊನೆಯಲ್ಲಿರುವ ‘ಸಾ’ ಎಂಬುದು ಗರಗಸ ಎನ್ನುವುದಕ್ಕೆ ಬೇರೆ ಭಾಷೆಯಲ್ಲಿರುವ ಪದವೆಂದು ತಿಳಿದವರು ಹೇಳುತ್ತಾರೆ. ನಮ್ಮ ಬಾಯಲ್ಲಾದರೋ ‘ಸಾ’ ಎಂದರೆ ‘ಸಾರ್’ ಎಂಬುದರ ಬಾಲ ಕತ್ತರಿಸಿದ ರೂಪ. ಬಸ್ಸಿನ ಕಂಡಕ್ಟರರಿಂದ ಹಿಡಿದು ಕಚೇರಿಯ ಗುಮಾಸ್ತರವರೆಗೆ ನಾವು ಯಾರ ಮುಂದೆ ಕೈ ಕಟ್ಟಿ ನಿಲ್ಲಬೇಕೋ ಅವರಿಗೆಲ್ಲ ಸಲ್ಲುವ ಮರ್ಯಾದೆ. ತಮ್ಮ ಕೊರಳಿಗೆ ನೇತುಹಾಕಿರುವ ಬೆಲೆಚೀಟಿಯನ್ನು ಓದಿದ ಮೇಲೆ ನನಗೆ ಎರಡನೆಯ ಅರ್ಥವೇ ಸರಿಯೆನಿಸಿತು. ಆದ್ದರಿಂದ ಈ ಪತ್ರದುದ್ದಕ್ಕೂ ತಮ್ಮನ್ನು ‘ಸಾ’ ಎಂದೇ ಕರೆಯುತ್ತೇನೆ, ಅದರಿಂದಾದ ಅನಾಹುತವನ್ನು ಮುಂದೆ ವಿವರಿಸುತ್ತೇನೆ.

ಇನ್ನು ನಮ್ಮ ಪರಿಚಯ. ನಾನು ಹಗ್ಗ ಹಿಡಿಯುವವಳು. ಯಾರದೋ ಮನೆಯ ಮೇಲೆ, ಕರೆಂಟಿನ ತಂತಿಯ ಮೇಲೆ, ಪಕ್ಕದವರ ಗೋಡೆಯ ಮೇಲೆ ವಾಲಿಕೊಂಡ ಮರಗಳನ್ನು ತುದಿಯಿಂದ ಬುಡದವರೆಗೆ ತುಂಡು ಮಾಡಿ ಇಳಿಸುವುದು ನಮ್ಮ ಮನೆಯ ಕಸುಬು. ಅಣ್ಣ ಮರ ಹತ್ತಿ ಕೊಯ್ಯುತ್ತಾನೆ, ಊರಿನವರು ಅವನನ್ನು ಅಳಿಲು ಎನ್ನುತ್ತಾರೆ. ನಾನು ಕೆಳಗೆ ನಿಂತು, ಅವನು ಕೊಯ್ದ ಕೊಂಬೆಯನ್ನೂ ಅವನನ್ನೂ ಹಗ್ಗದಲ್ಲಿ ಇಳಿಸಿಕೊಳ್ಳುತ್ತೇನೆ. ನಮ್ಮಲ್ಲಿರುವ ಗರಗಸ ಅಣ್ಣನಿಗೆ ಕೆಲಸ ಕಲಿಸಿದ ಮೇಸ್ತ್ರಿಯವರು ಬಿಟ್ಟುಹೋದದ್ದು. ಅದೂ ತಮ್ಮ ಜಾತಿಯದೇ ಆದರೂ ಅದರ ಬ್ರೇಕು ಯಾವ ಕಾಲದಲ್ಲೋ ಮುರಿದುಹೋಗಿ ಆ ಜಾಗದಲ್ಲಿ ಈಗ ಒಂದಿಷ್ಟು ತಂತಿ ಸುತ್ತಿದೆ. ಓಡುತ್ತಿರುವ ಗರಗಸದ ಮೂತಿ ಅಕಸ್ಮಾತ್ ಎಲ್ಲಾದರೂ ತಗುಲಿದರೆ ಅದು ಹಿಂದಕ್ಕೆ ಹಾರಿ, ಹಿಡಿದವನ ಮುಖಕ್ಕೇ ಬರುತ್ತದೆ. ನಾವು ಅದನ್ನು ಕತ್ತೆ ಒದೆತ ಎನ್ನುತ್ತೇವೆ. ಬ್ರೇಕಿದ್ದರೆ ಹಾರಿದ ಕ್ಷಣವೇ ಚೈನು ನಿಂತುಬಿಡುತ್ತದೆ, ಇಲ್ಲದಿದ್ದರೆ ಓಡುತ್ತಲೇ ಬರುತ್ತದೆ. ಹೀಗೆ ಓಡುತ್ತ ಬಂದು ಒಂದು ಸಲ ಅಣ್ಣನ ಹೆಲ್ಮೆಟ್ಟಿನ ಅಂಚನ್ನು ಬ್ರೆಡ್ಡು ಸೀಳಿದ ಹಾಗೆ ಸೀಳಿದಾಗ, ಅತ್ತಿಗೆ ಆ ಹೆಲ್ಮೆಟ್ಟನ್ನು ಊಟದ ಮೇಜಿನ ಮೇಲೆ ಅವನ ತಟ್ಟೆಯ ಪಕ್ಕಕ್ಕೇ ಇಟ್ಟು, “ಬ್ರೇಕ್ ಇರೋ ಮಿಷನ್ ಬರೋವರೆಗೂ ನೀವು ಸ್ಟೂಲ್ ಮೇಲೂ ಹತ್ತೋ ಹಾಗಿಲ್ಲ” ಎಂದು ಆಜ್ಞೆ ಹೊರಡಿಸಿದರು. ತಮ್ಮ ದರ್ಶನಕ್ಕೆ ನಾವು ಬಂದದ್ದು ಆಗ.

ಸಾ, ತಮ್ಮ ಬೆಲೆಯನ್ನು ಓದಿ ಅಣ್ಣ ಕಣ್ಣು ಕಣ್ಣು ಬಿಟ್ಟ. ಕೊನೆಯ ಸೊನ್ನೆ ನೊಣ ಕೂತ ಗುರುತಿರಬಹುದೆಂದು ನಾನು ಗಾಜನ್ನು ಸೆರಗಿನಿಂದ ಉಜ್ಜಿಯೂ ನೋಡಿದೆ, ಅದು ಹೋಗಲಿಲ್ಲ. ಇಷ್ಟೇಕೆ ಎಂದು ವಿನಯದಿಂದ ಕೇಳಿದ್ದಕ್ಕೆ ಯಜಮಾನರು ತಾವು ಬಂದ ಹಡಗಿನ ಬಾಡಿಗೆ, ಹಡಗಿನಿಂದ ಇಳಿದ ಮೇಲಿನ ಲಾರಿಯ ಬಾಡಿಗೆ, ತಮ್ಮನ್ನು ಇಡಲೆಂದೇ ಮಾಡಿಸಿದ ಕಪಾಟು, ಕಪಾಟಿನ ದೀಪ, ದೀಪದ ಕರೆಂಟು ಎಂದು ಒಂದೊಂದಾಗಿ ಬಿಡಿಸಿ ಹೇಳಿ, ಇಷ್ಟೆಲ್ಲದರ ನಡುವೆಯೂ ಅಂಗಡಿಗೆ ಬರೀ ನಷ್ಟವೇ ಎಂದು ನಿಟ್ಟುಸಿರು ಬಿಟ್ಟರು. ಪಾಪ, ಆ ನಷ್ಟದಲ್ಲೇ ಅವರು ಅಂಗಡಿಗೆ ಎರಡನೆಯ ಮಹಡಿ ಕಟ್ಟಿಸುತ್ತಿದ್ದಾರೆ. ಮರದ ಮೇಲೆ ಒಂದೇ ಕೈಯಲ್ಲಿ ಹಿಡಿಯಬೇಕಾಗಿ ಬಂದರೆ ತೋಳು ತೂಕ ತಡೆಯುತ್ತದೆಯೇ ಎಂದು ನೋಡಲು ಒಮ್ಮೆ ಎತ್ತಿಕೊಳ್ಳಬಹುದೇ ಎಂದು ಕೇಳಿದೆ. “ಮುಟ್ಟಬೇಡಿ ಅಮ್ಮ, ಅದು ತೋರಿಸೋಕೆ ಇಟ್ಟಿರೋದು” ಎಂದರು. ಕೊಳ್ಳುವ ಮುನ್ನ ಮುಟ್ಟುವಂತಿಲ್ಲ, ಮುಟ್ಟಬೇಕಾದರೆ ಕೊಳ್ಳಬೇಕು ಎಂಬ ಈ ಸುಂದರ ಏರ್ಪಾಟಿಗೆ ತಲೆಬಾಗಿ ನಾವು ಮನೆಗೆ ಬಂದೆವು.

ಒಳ್ಳೆಯ ಚೈನ್ ಸಾ ಆರಿಸುವುದು ಹೇಗೆಂದು ಊರಿನಲ್ಲಿ ಗೊತ್ತಿಲ್ಲದವರೇ ಇಲ್ಲವೆಂಬುದು ಆಮೇಲೆ ಗೊತ್ತಾಯಿತು. ಜೋರಾಗಿ ಸದ್ದು ಮಾಡುವುದನ್ನೇ ಕೊಳ್ಳಿ, ಸದ್ದಿಲ್ಲದಿದ್ದರೆ ಶಕ್ತಿಯಿಲ್ಲ ಎಂದರು ಕ್ಷೌರದಂಗಡಿಯವರು. ಬ್ಲೇಡು ಉದ್ದವಾದಷ್ಟೂ ಗೌರವ ಎಂದು ನಮ್ಮ ಚಿಕ್ಕಪ್ಪ ಎರಡೂ ಕೈ ಚಾಚಿ ತೋರಿಸಿ ಪಕ್ಕದಲ್ಲಿದ್ದ ಚಹಾದ ಲೋಟ ಬೀಳಿಸಿದರು. ಎದುರುಮನೆಯವರು, ಜನ್ಮದಲ್ಲಿ ಸೌತೆಕಾಯಿ ಬಿಟ್ಟು ಬೇರೇನನ್ನೂ ಕೊಯ್ಯದವರು, ಪ್ಲಗ್ಗು ಚುಚ್ಚುವ ಗರಗಸವೇ ಮೇಲು ಎಂದು ಸಾಧಿಸಿದರು. ಮರದ ತುದಿಯಲ್ಲಿ ಪ್ಲಗ್ಗು ಚುಚ್ಚುವುದೆಲ್ಲಿ ಎಂದರೆ ಅದು ನಮ್ಮ ಸಮಸ್ಯೆಯಂತೆ. ನಮಗೆ ಬೇಕಾದದ್ದು ಇಷ್ಟೇ: ಬ್ರೇಕು ಹಿಡಿಯಬೇಕು, ತೋಳು ಸೋಲದಷ್ಟು ಹಗುರವಿರಬೇಕು, ಕೆಟ್ಟರೆ ಬಿಡಿಭಾಗ ಹತ್ತಿರದಲ್ಲೇ ಸಿಗಬೇಕು. ತಮ್ಮಲ್ಲಿ ಇವೆಲ್ಲವೂ ಇವೆಯೆಂಬುದೇ ನಮ್ಮ ಹೊಟ್ಟೆಯುರಿ.

ತಮ್ಮಂಥವರೇ ಬಂದರಿನ ಪಟ್ಟಣದಲ್ಲಿ ಅರ್ಧ ಬೆಲೆಗೆ, ಕಪಾಟು ದೀಪಗಳಿಲ್ಲದೆ, ಬರೀ ನೆಲದ ಮೇಲೆ ಸಾಲಾಗಿ ಕುಳಿತಿರುತ್ತಾರೆಂದು ಲಾರಿ ಓಡಿಸುವ ಅತ್ತೆಯ ಮಗ ಕಣ್ಣಾರೆ ಕಂಡು ಬಂದು ಹೇಳಿದ. “ಮುಂದಿನ ಸಲ ಬರ್ತಾ ಒಂದು ಹಾಕ್ಕೊಂಡು ಬರ್ತೀನಿ ಬಿಡು” ಎಂದೂ ಹೇಳಿದ. ಈ ಸುದ್ದಿ ನಮಗಿಂತ ಮೊದಲು ಯಜಮಾನರ ಕಿವಿ ಮುಟ್ಟಿತು. ಬೇರೆ ಊರಲ್ಲಿ ಕೊಂಡ ಗರಗಸಕ್ಕೆ ಅಂಗಡಿಯಲ್ಲಿ ರಿಪೇರಿಯೂ ಇಲ್ಲ, ಒಂದು ಸ್ಕ್ರೂ ಸಹ ಸಿಗುವುದಿಲ್ಲವೆಂದು ಅವರು ಅಣ್ಣನನ್ನು ರಸ್ತೆಯಲ್ಲೇ ನಿಲ್ಲಿಸಿ, ಬಹಳ ಪ್ರೀತಿಯಿಂದ, ಭುಜದ ಮೇಲೆ ಕೈಯಿಟ್ಟು ಹೇಳಿದರು. ಸುತ್ತಲಿನ ಊರುಗಳಿಗೆಲ್ಲ ಬಿಡಿಭಾಗ ಮಾರುವವರು ಅವರೊಬ್ಬರೇ, ಹಾಗಾಗಿ ಬಂದರಿನ ಆಸೆಯನ್ನು ಅಲ್ಲಿಗೇ ಬಿಟ್ಟೆವು. ಇನ್ನು ಸಂತೆಬೀದಿಯಲ್ಲಿ ತಮ್ಮದೇ ಬಣ್ಣ ಬಳಿದುಕೊಂಡು, ತಮ್ಮದೇ ಹೆಸರಿನಲ್ಲಿ ಒಂದಕ್ಷರ ಹೆಚ್ಚಿಟ್ಟುಕೊಂಡು, ಬಾಯಲ್ಲಿ ನೀರೂರುವ ಬೆಲೆಗೆ ಸಿಗುವ ತಮ್ಮ ನಕಲಿ ದಾಯಾದಿಯನ್ನೂ ನೋಡಿ ಬಂದೆವು. ಅದರ ಬ್ರೇಕಿನ ಹಿಡಿಯನ್ನು ನಾನು ಮೆಲ್ಲಗೆ ಮುಂದಕ್ಕೆ ತಳ್ಳಿದೆ, ಅದು ಕಳಚಿಕೊಂಡು ನನ್ನ ಕೈಗೇ ಬಂತು. ಮಾರುವವನು ಬೇಸರ ಪಟ್ಟುಕೊಳ್ಳದೆ ಅದನ್ನು ಇಸಿದುಕೊಂಡು ಮತ್ತೆ ಅಂಟಿಸಿದ.

ಇಂಥ ದಿನಗಳಲ್ಲಿ ಹೆರಿಗೆ ಆಸ್ಪತ್ರೆಯಿಂದ ಕರೆ ಬಂತು. ವಾರ್ಡಿನ ಹೆಂಚಿನ ಮಾಡಿನ ಮೇಲೆ ದೊಡ್ಡ ಮರವೊಂದು ವಾಲಿತ್ತು, ಬೇಗ ಇಳಿಸಿಕೊಡಬೇಕಿತ್ತು. ಎಷ್ಟೋ ತಿಂಗಳು ಯಾರೂ ಕೊಳ್ಳದ ಮೇಲೆ ತಮ್ಮ ಬೆಲೆ ಇಳಿದಿರಬಹುದೆಂಬ ಆಸೆಯಿಂದ ನಾನು ಅಂಗಡಿಗೆ ಫೋನು ಮಾಡಿ, “ಚೈನ್ ಸಾ ಎಷ್ಟಾಗತ್ತೆ?” ಎಂದು ಕೇಳಿದೆ. ಯಜಮಾನರು ಹೇಳಿದ ಬೆಲೆ ಕೇಳಿ ಕುಣಿದಾಡುವಂತಾಯಿತು. ಸಂತೆಬೀದಿಯ ನಕಲಿಗಿಂತಲೂ ಕಡಿಮೆ! “ಒಳ್ಳೆ ಕಂಪನೀದೇ ತಾನೆ?” ಎಂದೆ, ಹೌದೆಂದರು. “ಬ್ರೇಕ್ ಹೇಗೆ?” ಎಂದೆ. “ಬ್ರೇಕ್ ಬಗ್ಗೆ ಚಿಂತೇನೇ ಬೇಡಮ್ಮ, ಗ್ಯಾರಂಟಿ ನಂದು” ಎಂದರು. ನಾನು ಹರ್ಷದಿಂದ ಆಸ್ಪತ್ರೆಗೆ ಫೋನು ಮಾಡಿ ನಾಳೆಯೇ ಬರುತ್ತೇವೆಂದು ಮಾತು ಕೊಟ್ಟೆ. ಅತ್ತಿಗೆ ಪಕ್ಕದ ಮನೆಯ ತಳ್ಳುಗಾಡಿಯನ್ನು ಕೇಳಿ ಪಡೆದು, ತಮಗೆ ದಾರಿಯಲ್ಲಿ ನೋವಾಗದಿರಲೆಂದು ಅದರೊಳಗೆ ಕಂಬಳಿ ಹಾಸಿಕೊಂಡು ಹೊರಟರು.

ಅತ್ತಿಗೆ ತಳ್ಳುಗಾಡಿಯಲ್ಲಿ ತಂದದ್ದು ಅಂಗೈಯಗಲದ ಒಂದು ಪೊಟ್ಟಣ. ಅದರೊಳಗೆ ಸುರುಳಿ ಸುತ್ತಿಕೊಂಡು ಒಂದು ಚೈನು, ಬರೀ ಚೈನು. ನಾನು ಕೇಳಿದ ‘ಚೈನ್ ಸಾ’ ಯಜಮಾನರ ಕಿವಿಯಲ್ಲಿ ‘ಚೈನು, ಸಾರ್’ ಆಗಿತ್ತು, ನನ್ನ ಬ್ರೇಕು ಅವರಿಗೆ ತುಂಡಾಗುವ ಮಾತಾಗಿತ್ತು. ಆ ಚೈನು ತುಂಡಾಗುವುದಿಲ್ಲವೆಂದು ಅವರು ಗ್ಯಾರಂಟಿ ಕೊಟ್ಟಿದ್ದರು, ಅದು ನಿಜವೂ ಆಗಿತ್ತು. ವಾಪಸು ಕೊಡಲು ನಾನೇ ಓಡಿದೆ. ಅವರು ಬಾಯಿ ತೆರೆಯುವ ಶ್ರಮವನ್ನೂ ತೆಗೆದುಕೊಳ್ಳದೆ ಗೋಡೆಯ ಮೇಲಿನ ‘ಮಾರಿದ ಮಾಲು ವಾಪಸಿಲ್ಲ’ ಎಂಬ ಬೋರ್ಡಿನ ಕಡೆ ಕಣ್ಣು ಹಾಯಿಸಿದರು. ಮೇಲೆ ಕಪಾಟಿನಲ್ಲಿ ತಾವು ಹೊಳೆಯುತ್ತಲೇ ಇದ್ದಿರಿ, ತಮಗೆ ನೆನಪಿರಬಹುದು.

ಸಾ, ಇಲ್ಲಿಂದ ಮುಂದೆ ನನಗೆ ಈ ನಯದ ಭಾಷೆಯಲ್ಲಿ ಬರೆಯುವುದು ಸ್ವಲ್ಪ ಕಷ್ಟ. ಕೊಟ್ಟ ಮಾತಿಗೆ ಹೋಗದಿದ್ದರೆ ಮರ ಮಾಡಿನ ಮೇಲೆ ಬೀಳುತ್ತದೆ, ಕೆಳಗೆ ಬಾಣಂತಿಯರಿದ್ದಾರೆ ಎಂದು ಅಣ್ಣ ಹೊಸ ಚೈನನ್ನು ಹಳೆಯ ಗರಗಸಕ್ಕೇ ಹಾಕಿದ. “ಇದೊಂದೇ ಮರ, ಆಮೇಲೆ ನೋಡೋಣ” ಎಂದ. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತರು, ಕೊನೆಗೆ ಅವರೇ ಪಕ್ಕಕ್ಕೆ ಸರಿದರು. ಹೊಸ ಚೈನಿನ ಹಲ್ಲು ಎಷ್ಟು ಚುರುಕೆಂದರೆ ಕೆಳಗೆ ನಿಂತ ನನ್ನ ಮೇಲೆ ಮರದ ಪುಡಿ ಜಡಿಮಳೆಯ ಹಾಗೆ ಸುರಿಯುತ್ತಿತ್ತು. ಕವಲಿನ ಹಿಂದೆ ಕಾಣದೆ ಇದ್ದ ಒಂದು ಕೊಂಬೆಗೆ ಗರಗಸದ ಮೂತಿ ತಗುಲಿತು. ಅಣ್ಣ ಮುಖವನ್ನೇನೋ ತಿರುಗಿಸಿಕೊಂಡ, ಎಡಗೈಯನ್ನು ತಪ್ಪಿಸಲಾಗಲಿಲ್ಲ. ನಾನು ಅವನನ್ನು ಹಗ್ಗದಲ್ಲಿ ಇಳಿಸಿದೆ. ಬೇಗ ಕೆಳಗೆ ಬರಲೆಂದು, ಅಂಗೈ ಸುಲಿದರೂ ಸರಿ, ಹಗ್ಗ ಜಾರಲು ಬಿಡಬೇಕೆಂದು ಮನಸ್ಸು, ಜಾರಿದರೆ ಅವನು ಬೀಳುತ್ತಾನೆಂಬ ಭಯ. ಅಷ್ಟು ಹೆದರಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ. ಇದೆಲ್ಲ ಆಸ್ಪತ್ರೆಯ ಅಂಗಳದಲ್ಲೇ ಆದದ್ದರಿಂದ ಜೀವ ಉಳಿಯಿತು. ಕೈಯೂ ಇದೆ. ಬೆರಳುಗಳು ಮಾತ್ರ ಮಡಚುವುದಿಲ್ಲ, ಇನ್ನು ಮೇಲೆ ಮಡಚುತ್ತವೆಂದು ವೈದ್ಯರು ಹೇಳುವುದೂ ಇಲ್ಲ.

ಮರ ಈಗಲೂ ಮಾಡಿನ ಮೇಲೆ ವಾಲಿಕೊಂಡೇ ಇದೆ, ವಾರ್ಡನ್ನು ತೆರವು ಮಾಡಿ ಹಾಸಿಗೆಗಳನ್ನು ವರಾಂಡದಲ್ಲಿ ಹಾಕಿದ್ದಾರೆ. ಅಣ್ಣನ ಜಾಗದಲ್ಲಿ ಈಗ ಮರ ಹತ್ತುವವಳು ನಾನು. ಅವನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಗಂಟು ಹಾಕುವುದನ್ನು ಕಲಿಸುತ್ತಾನೆ, ಒಂದೇ ಕೈಯಲ್ಲಿ ತೋರಿಸಲಾಗದೆ ಸಿಟ್ಟು ಮಾಡಿಕೊಳ್ಳುತ್ತಾನೆ. ಅತ್ತಿಗೆ ಹಗ್ಗ ಹಿಡಿಯಲು ಕಲಿಯುತ್ತಿದ್ದಾರೆ. ನಾನು ಎರಡು ಆಳು ಎತ್ತರ ಹತ್ತಿದರೆ ಸಾಕು, ಅವರು ಕೆಳಗಿನಿಂದ “ಸಾಕು, ಇಳಿ” ಎನ್ನುತ್ತಾರೆ. ತಂತಿ ಸುತ್ತಿದ ಆ ಗರಗಸವನ್ನು ಅವರು ಎಲ್ಲಿಟ್ಟಿದ್ದಾರೋ ನಮಗೆ ಹೇಳಿಲ್ಲ, ನಾವೂ ಕೇಳಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ಸವಿನಯ ಬೇಡಿಕೆಗಳನ್ನು ಮಂಡಿಸುತ್ತಿದ್ದೇನೆ. ತಾವು ದಯಮಾಡಿ ಒಂದು ದಿನ ಕಪಾಟಿನಿಂದ ತಾವಾಗಿಯೇ ಇಳಿದು, ಬಂದರಿನ ಪಟ್ಟಣಕ್ಕೆ ಹೋಗಿ, ಅಲ್ಲಿನ ಬೆಲೆಚೀಟಿಯನ್ನು ಕೊರಳಿಗೆ ಹಾಕಿಕೊಂಡು ವಾಪಸು ಬರಬೇಕು. ಅಷ್ಟು ದೂರದ ಪ್ರಯಾಣ ಒಗ್ಗದಿದ್ದರೆ ತಮ್ಮ ಬ್ರೇಕೊಂದನ್ನು ನಮಗೆ ಕಳಿಸಿಕೊಡಿ, ಮಿಕ್ಕ ತಮ್ಮನ್ನು ಮುಂದೆ ಅನುಕೂಲವಾದಾಗ ಕೊಳ್ಳುತ್ತೇವೆ. ಅದೂ ಆಗದಿದ್ದರೆ ಮರಗಳಿಗೆಲ್ಲ ಒಂದು ಸುತ್ತೋಲೆ ಹೊರಡಿಸಿ, ತಮ್ಮ ಬೆಲೆ ಇಳಿಯುವವರೆಗೆ ಯಾವ ಮರವೂ ಯಾರ ಮನೆಯ ಮೇಲೂ ವಾಲತಕ್ಕದ್ದಲ್ಲವೆಂದು ತಿಳಿಸಿ. ತಮ್ಮ ಮಾತನ್ನು ಅವು ಮೀರಲಾರವು, ಯಾಕೆಂದರೆ ತಮ್ಮಷ್ಟು ಸಾಧುವಾದ ಗರಗಸವನ್ನು ಅವು ಈವರೆಗೆ ಕಂಡಿಲ್ಲ.

ತಮ್ಮ ಹೊಳಪು ಮಾಸದಿರಲಿ, ತಮ್ಮ ದೀಪ ಆರದಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಮೊನ್ನೆಮೊನ್ನೆಯವರೆಗೆ ಹಗ್ಗ ಹಿಡಿಯುತ್ತಿದ್ದವಳು

ಮರೆತ ಮಾತು: ಈ ಪತ್ರವನ್ನು ಮಡಿಸುವ ಹೊತ್ತಿಗೆ ತಮ್ಮ ಯಜಮಾನರೇ ಮನೆ ಬಾಗಿಲಿಗೆ ಬಂದಿದ್ದರು. ಹೊಸ ಮಹಡಿಯ ಕಂಬಗಳಿಗೆ ಗುಂಡಿ ತೋಡುವಾಗ ಹಿತ್ತಲ ಮರದ ಬೇರು ಕಡಿದುಹೋಗಿ ಅದು ಅಂಗಡಿಯ ಕಡೆಗೇ ವಾಲಿದೆಯಂತೆ, ದಿನದಿನಕ್ಕೂ ಇನ್ನಷ್ಟು ಬಾಗುತ್ತಿದೆಯಂತೆ. “ನೀವೇ ಅಲ್ವೇನಮ್ಮ ಈ ಊರಿಗೆಲ್ಲ ಮರ ಇಳಿಸೋರು, ಎಷ್ಟು ಬೇಕಾದ್ರೂ ಕೇಳಿ, ಕೊಡ್ತೀನಿ” ಎಂದರು. ನಾನು ಹೋಗಿ ನೋಡಿ, ಬೀಳುವ ದಿಕ್ಕನ್ನು ಅಳೆದು ಬಂದೆ. ಅದರ ತುದಿ ಸರಿಯಾಗಿ ತಮ್ಮ ನೆತ್ತಿಯ ಮೇಲೆ ಬರುತ್ತದೆ, ಸಾ. ಯಜಮಾನರಿಗೆ, ದುಡ್ಡು ಬೇಡ, ಕಪಾಟಿನ ಬೀಗದ ಕೈ ಕೊಡಿ, ಈಗಲೇ ಹತ್ತುತ್ತೇನೆ, ಮೊದಲು ಆಸ್ಪತ್ರೆಯ ಮರ, ಆಮೇಲೆ ನಿಮ್ಮದು ಎಂದೆ. ಯೋಚಿಸಿ ಹೇಳುತ್ತೇನೆಂದು ಹೋಗಿದ್ದಾರೆ. ಅವರು ಇನ್ನೂ ಯೋಚಿಸುತ್ತಿದ್ದಾರೆ, ಇಲ್ಲಿ ಗಾಳಿ ಎದ್ದಿದೆ.