ಮನೋರಿಗೆ ಹೋದ ಹಾಲಿನ ಕಾರ್ಡು

ವಿನೋದಿನಿ ಈಗ ಕೆಮ್ಮುತ್ತಿರಬಹುದೇ?

ಸಾರಿಗೆ ಒಗ್ಗರಣೆ ಹಾಕುವಾಗ, ತಲೆ ಬಾಚುವಾಗ, ದೇವರಿಗೆ ಕೈ ಮುಗಿಯುವಾಗ ನನ್ನ ತಲೆಯೊಳಗೆ ತಿರುಗುವ ಪ್ರಶ್ನೆ ಇದೊಂದೇ. ಎರಡೂವರೆ ವರ್ಷದ ಮಗಳು ನನ್ನ ಎದುರಿಗೇ ಕೂತು ಚಮಚದಿಂದ ನೆಲ ಬಡಿಯುತ್ತಿದ್ದರೂ, ಇನ್ನೊಂದು ಕ್ಷಣಕ್ಕೆ ಕೆಮ್ಮಿದರೆ ಅನ್ನಿಸುತ್ತದೆ. ಕಳೆದ ಮಳೆಗಾಲದಲ್ಲಿ ಅವಳಿಗೆ ನಾಯಿಕೆಮ್ಮು ಬಂದು ತುಟಿ ನೀಲಿಗಟ್ಟಿತ್ತು. ಡಾಕ್ಟರು ಏನೂ ಹೇಳದೆ ಬಹಳ ಹೊತ್ತು ಕನ್ನಡಕ ಒರೆಸುತ್ತಾ ಕೂತಿದ್ದ ಒಂದು ಸಂಜೆಯೂ ಇತ್ತು. ಆಮೇಲೆ ಮಗು ಗುಣವಾಯಿತು. ನಾನು ಆಗಲಿಲ್ಲ.

"ನಿನ್ನ ಮುಖ ನೋಡಿದ್ರೆ ನನಗೇ ಕೆಮ್ಮು ಬರುತ್ತೆ ಕಣೇ," ಅಂದರು ನಮ್ಮ ಯಜಮಾನರು. "ನಮ್ಮ ಆಫೀಸಿನ ದೂಜನ ಚಿಕ್ಕಮ್ಮ ಮನೋರಿಯಲ್ಲಿದ್ದಾರೆ. ಮಲಾಡ್‌ವರೆಗೆ ಲೋಕಲ್ಲು, ಅಲ್ಲಿಂದ ಟಾಂಗಾ, ಆಮೇಲೆ ದೋಣಿ. ಮುಂದೆ ಸಮುದ್ರ, ಹಿಂದೆ ತಾಳೆಮರದ ಕಾಡು. ಶನಿವಾರ ಹೋಗಿ ಸೋಮವಾರ ಬರೋಣ. ನಾವಿಬ್ಬರೇ."

"ಇಬ್ಬರೇ ಅಂದ್ರೆ? ಮಗು?"

"ಪಕ್ಕದ ಮನೆ ಶೀಲಾವತಿಯವರು ನೋಡ್ಕೋತಾರೆ. ಆದರೆ ಬಿಡು, ನಿನ್ನ ಕೈಲಾಗಲ್ಲ. ಟಾಂಗಾ ಹತ್ತೋ ಮುಂಚೆ ವಾಪಸ್ ಓಡ್ತೀಯ."

ಕೈಲಾಗಲ್ಲವಂತೆ! ಬೆಂಗಳೂರಿನಲ್ಲಿ ಇಂಟರ್‌ಮೀಡಿಯೆಟ್‌ವರೆಗೆ ಓದಿದವಳು ನಾನು. 'ಸ್ತ್ರೀ ಅಬಲೆಯೇ?' ಎಂಬ ಚರ್ಚಾಸ್ಪರ್ಧೆಯಲ್ಲಿ ಅಲ್ಲವೇ ಅಲ್ಲ ಎಂದು ಮೇಜು ಗುದ್ದಿ ಬೆಳ್ಳಿ ಲೋಟ ಗೆದ್ದವಳು. "ಎರಡು ದಿನ ಮಗುವಿನ ಹೆಸರೆತ್ತಿದರೆ ಆಗ ಹೇಳಿ," ಎಂದು ಘೋಷಿಸಿಬಿಟ್ಟೆ.

ಘೋಷಿಸಿದವಳು ಅಡುಗೆಮನೆಗೆ ಹೋಗಿ, ಶೀಲಾವತಿಯವರಿಗಾಗಿ ಮೂರು ಹಾಳೆ ಸೂಚನೆ ಬರೆದೆ. ನಾಲ್ಕು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಹೆಂಗಸಿಗೆ ಮಗುವಿನ ಬಾಯಿ ಒರೆಸುವ ಕ್ರಮವನ್ನೂ ಬರೆದೆ. ಮೊದಲನೆಯ ಸೂಚನೆ: 'ಬೆಳಿಗ್ಗೆ ಐದೂವರೆಗೆ ಹಾಲಿನ ಕಾರ್ಡು ಮತ್ತು ತೊಳೆದ ಖಾಲಿ ಬಾಟ್ಲಿ ಹಿಡಿದು ಹಾಲಿನ ಕೇಂದ್ರದ ಕ್ಯೂನಲ್ಲಿ ನಿಲ್ಲತಕ್ಕದ್ದು.' ಎರಡನೆಯದು: 'ಹೋಟೆಲಿನ ಹಾಲು ಕೂಡದು.' ಅದರ ಕೆಳಗೆ ಎರಡು ಗೆರೆ.

ಶೀಲಾವತಿಯವರ ಯಜಮಾನರು ಕಾಂತಪ್ಪನವರು ನಮ್ಮ ಗ್ರಾಂಟ್ ರೋಡ್ ಬಿಲ್ಡಿಂಗಿನ ಕೆಳಗಿರುವ ಹೋಟೆಲಿನ ಮ್ಯಾನೇಜರು. ಇದು ನನಗೆ ನೆನಪಾಗಿದ್ದು ಶೀಲಾವತಿಯವರು ಆ ಹಾಳೆ ಓದಿ ಮುಗಿಸಿದ ಮೇಲೆ.

"ಗೆರೆ ಚಂದ ಎಳೆದಿದ್ದೀರಿ," ಅಂದರು ಅವರು, ಮಗುವನ್ನು ಸೊಂಟಕ್ಕೇರಿಸಿಕೊಳ್ಳುತ್ತಾ. "ನಮ್ಮವರಿಗೆ ತೋರಿಸುವುದಿಲ್ಲ. ನೀವು ಹೋಗಿ ಬನ್ನಿ ಮಾರಾಯ್ರೆ."

ಮನೋರಿ ಚೆಂದದ ಊರೇ ಇರಬೇಕು. ನಾನು ನೋಡಲಿಲ್ಲ. ಟಾಂಗಾದಲ್ಲಿ ಕುದುರೆ ಕೆಮ್ಮಿತು, ನನ್ನ ಎದೆ ಧಸಕ್ಕೆಂದಿತು. ದೋಣಿಯವನು ಕೆಮ್ಮಿದ, ಕಣ್ಣಲ್ಲಿ ನೀರು ಬಂತು. ಯಜಮಾನರು ತೋರಿಸಿದ ಕಡೆಗೆಲ್ಲ ತಿರುಗಿ "ಹ್ಞೂಂ, ಚೆನ್ನಾಗಿದೆ" ಅಂದೆ. ಒಮ್ಮೆ ಅವರು ಬೆರಳು ತೋರಿಸಿದ್ದು ನನ್ನ ಸೆರಗಿಗೆ ಮೆತ್ತಿಕೊಂಡ ಮೀನಿನ ಹುರುಪೆಯನ್ನು. ಅದಕ್ಕೂ ಚೆನ್ನಾಗಿದೆ ಅಂದೆನಂತೆ.

ಸಂಜೆ ಮರಳಿನ ಮೇಲೆ ಕೂತೆವು. ಸೂರ್ಯ ಮುಳುಗುತ್ತಿದ್ದ. ಮದುವೆಯಾದ ಮೇಲೆ ಮೊದಲ ಸಲ ಯಜಮಾನರು ನನ್ನ ಕೈ ಹಿಡಿದುಕೊಂಡು ಏನೋ ಹಾಡು ಗುನುಗಿದರು. ಕಣ್ಣೊರೆಸಿಕೊಳ್ಳಲು ಕರವಸ್ತ್ರ ಬೇಕೆಂದು ನಾನು ಪರ್ಸು ತೆರೆದೆ.

ಒಳಗೆ ಹಾಲಿನ ಕಾರ್ಡಿತ್ತು.

ಕಳೆದುಹೋದೀತೆಂದು ಸದಾ ಪರ್ಸಿನಲ್ಲೇ ಇಟ್ಟುಕೊಳ್ಳುವ ಕಾರ್ಡು. ಅದಿಲ್ಲದೆ ಕೇಂದ್ರದಲ್ಲಿ ಒಂದು ತೊಟ್ಟು ಹಾಲೂ ಸಿಗದು. ಹೋಟೆಲಿನ ಹಾಲಿಗೆ ನಾನೇ ಎರಡು ಗೆರೆ ಎಳೆದು ಬಂದಿದ್ದೆ. ಕಾರ್ಡಿನಲ್ಲಿ ಭಾನುವಾರದ ಚೌಕ ಖಾಲಿಯಾಗಿ ನನ್ನನ್ನೇ ನೋಡುತ್ತಿತ್ತು. ಹಸಿದ ಮಗು ಅಳುತ್ತದೆ. ಅತ್ತರೆ ಕೆಮ್ಮುತ್ತದೆ. ಕೆಮ್ಮಿದರೆ ತುಟಿ ನೀಲಿಯಾಗುತ್ತದೆ. ಕ್ಷಣಮಾತ್ರದಲ್ಲಿ ನಾನು ಮತ್ತೆ ಆ ಡಾಕ್ಟರ ಎದುರು ಕೂತಿದ್ದೆ.

ಹೆಸರೆತ್ತುವ ಹಾಗಿಲ್ಲವಲ್ಲ! "ನನಗೆ ಹೊಟ್ಟೆನೋವು. ಈಗಲೇ ಹೊರಡೋಣ," ಅಂದೆ.

ದೂಜನ ಚಿಕ್ಕಮ್ಮ ಓಡಿ ಬಂದರು. "ನೀರು ಇಳಿದಿದೆ, ದೋಣಿ ಬೆಳಿಗ್ಗೆಯೇ. ಹೊಟ್ಟೆನೋವಿಗೆ ಮದ್ದು ಉಂಟು," ಎಂದು ಒಂದು ಚಮಚ ಏನನ್ನೋ ಬಾಯಿಗೆ ಸುರಿದರು. ಅದು ಗಂಟಲಿನಿಂದ ಕಿಬ್ಬೊಟ್ಟೆಯವರೆಗೆ ಬೆಂಕಿ ಹಚ್ಚಿಕೊಂಡು ಹೋಯಿತು. ಏನೆಂದು ನಾನು ಕೇಳಲಿಲ್ಲ. ಅವರು ಹೇಳಲಿಲ್ಲ. ನಮ್ಮ ಅಮ್ಮನಿಗೆ ಯಾರೂ ತಿಳಿಸಬೇಡಿ.

"ನರಿ ಕೂಗ್ತಿದೆ, ನನಗೆ ಭಯ," ಅಂದೆ ಊಟದ ಹೊತ್ತಿಗೆ.

"ಅದನ್ನ ಕೇಳೋಕ್ಕೇ ಅಲ್ಲವೇನೇ ಬಂದಿರೋದು?" ಅಂದರು ಯಜಮಾನರು, ಸೊಗಸಾಗಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾ.

ಬೆಳಗಾಗುತ್ತಲೇ ಹೊಟ್ಟೆನೋವನ್ನು ಇಮ್ಮಡಿಗೊಳಿಸಿದೆ. ಅವರು ಗೊಣಗುತ್ತಾ ಹೊರಟರು. ಆದರೆ ನಮ್ಮ ದೋಣಿ ಆಚೆ ದಡಕ್ಕೆ ಇಪ್ಪತ್ತು ಮಾರು ಇರುವಾಗಲೇ ಕೆಸರಿಗೆ ಕೂತುಬಿಟ್ಟಿತು. "ಭರತಿಯ ನೀರು ಏರಬೇಕು. ಎರಡು ತಾಸು," ಎಂದು ದೋಣಿಯವನು ಬೀಡಿ ಹಚ್ಚಿದ. ನಾನು ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದುಬಿಟ್ಟೆ. ಮೊಣಕಾಲುದ್ದ ಹೂತುಕೊಂಡೆ. ಎಡಗಾಲಿನ ಚಪ್ಪಲಿಯನ್ನು ಮನೋರಿಯ ಕೆಸರು ನುಂಗಿತು. ಹಿಂದೆಯೇ ಇಳಿದ ಯಜಮಾನರು ಸೊಂಟದವರೆಗೆ ಹೋದರು.

"ಹೊಟ್ಟೆನೋವಿನವಳು ಹೀಗೆ ಹಾರ್ತಾಳಾ? ನಿಜ ಹೇಳು, ಏನಾಗಿದೆ?"

ಪರ್ಸಿನಿಂದ ಕಾರ್ಡು ತೆಗೆದು ಅವರ ಮುಖದ ಮುಂದೆ ಹಿಡಿದೆ.

ಅವರು ನೋಡಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ನಿನ್ನೆಯೇ ಹೇಳೋಕ್ಕೆ ಏನಾಗಿತ್ತು?"

"ಹೆಸರೆತ್ತಲ್ಲ ಅಂದಿದ್ದೆನಲ್ಲ."

"ಅಯ್ಯೋ ಮಹಾರಾಯ್ತಿ," ಅಂದವರೇ ನನ್ನನ್ನೂ ಚೀಲವನ್ನೂ ಕೆಸರಿನಲ್ಲೇ ಬಿಟ್ಟು ದಡದ ಕಡೆಗೆ ಈಜಿದ ಹಾಗೆ ಹೊರಟರು. ನಾನು ಮೇಲೆ ಹತ್ತುವಷ್ಟರಲ್ಲಿ ಟಾಂಗಾ ಹಿಡಿದು ನಿಂತಿದ್ದರು. ಮಲಾಡ್‌ವರೆಗೆ ಕುದುರೆಗಿಂತ ಹೆಚ್ಚು ಏದುಸಿರು ಬಿಟ್ಟವರು ಅವರೇ. ಆಗ ತಿಳಿಯಿತು, ಆ ಡಾಕ್ಟರ ಎದುರು ಕೂತದ್ದು ನಾನೊಬ್ಬಳೇ ಅಲ್ಲ.

ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಫೋನಿತ್ತು. ಇಡ್ಲಿ ತಿನ್ನುತ್ತಿದ್ದ ಜನ ನಮ್ಮ ಕಾಲು ನೋಡಿ ತಟ್ಟೆ ಪಕ್ಕಕ್ಕೆಳೆದುಕೊಂಡರು. "ನೀನೇ ಮಾಡು," ಎಂದು ಯಜಮಾನರು ರಿಸೀವರ್ ನನ್ನ ಕಡೆ ಚಾಚಿದರು. ಫೋನು ಮಾಡದಿರುವವರೆಗೆ ಏನೂ ಆಗಿಲ್ಲ ಅಂದುಕೊಳ್ಳಬಹುದು. ಮಾಡಿದ ಮೇಲೆ? ಹೋಟೆಲಿನವರು ಒಂದು ಲೋಟ ನೀರು ತಂದಿಟ್ಟರು. ಕುಡಿದೆ. ಎರಡು ಸಲ ನಂಬರು ತಪ್ಪು ತಿರುಗಿಸಿ, ಮೂರನೇ ಸಲ ಮಾಡಿದೆ.

ನಮ್ಮ ಬಿಲ್ಡಿಂಗಿನ ಕೆಳಗಿನ ಹೋಟೆಲಿನಲ್ಲಿ ಕಾಂತಪ್ಪನವರು ಫೋನು ಎತ್ತಿದರು. ನನ್ನ ದನಿ ಕೇಳಿದ್ದೇ "ಒಂದು ನಿಮಿಷ" ಎಂದು ಹೆಂಡತಿಯನ್ನು ಕೂಗಿದರು. ಮಹಡಿಯಿಂದ ಅವರು ಇಳಿದು ಬರುವವರೆಗೆ ನಾನು ನಲವತ್ತೆರಡರವರೆಗೆ ಎಣಿಸಿದೆ.

"ಎಂತ ಆಯ್ತು? ನೀವು ನಾಳೆ ಬರುವುದಲ್ಲವಾ?" ಅಂದರು ಶೀಲಾವತಿಯವರು.

"ಹಾಲಿನ ಕಾರ್ಡು ನನ್ನ ಹತ್ತಿರವೇ ಉಳಿದುಬಿಟ್ಟಿದೆ. ಮಗು..."

"ಅದು ನಿನ್ನೆಯೇ ಗೊತ್ತಾಯ್ತು. ಮಹಡಿಯ ನಾಲ್ಕು ಮನೆಯವರೂ ಬೆಳಿಗ್ಗೆ ತಮ್ಮ ತಮ್ಮ ಹಾಲಿನ ಬಾಟ್ಲಿ ತಂದಿಟ್ಟಿದ್ದಾರೆ. ಕುಡಿದು ಮುಗಿಯಲಿಲ್ಲ, ಉಳಿದದ್ದರಲ್ಲಿ ಪಾಯಸ ಮಾಡ್ತಾ ಇದ್ದೇನೆ. ನೀವು ಬರೆದ ಹಾಗೆ ಹೋಟೆಲಿನದ್ದು ಒಂದು ತೊಟ್ಟು ಕೊಡಲಿಲ್ಲ."

ನನ್ನ ಕಿವಿ ಬಿಸಿಯಾಯಿತು. "ಕೆಮ್ಮಿದಳಾ?"

"ಒಂದು ಸಲ. ನಾನು ಮೆಣಸು ಹುರೀತಾ ಇದ್ದೆ. ನಾನೂ ಕೆಮ್ಮಿದೆ, ನಮ್ಮವರೂ ಕೆಮ್ಮಿದರು."

"ರಾತ್ರಿ ಅತ್ತಳಾ? ನನ್ನ ಕೇಳಿದಳಾ?"

ಶೀಲಾವತಿಯವರು ಒಳ್ಳೆಯವರು. ತಕ್ಷಣ ಉತ್ತರ ಕೊಡಲಿಲ್ಲ. "ಚಿಕ್ಕ ಮಗು ಅಲ್ಲವಾ," ಅಂದರು ಕೊನೆಗೆ. "ಇಲ್ಲೇ ಇದ್ದಾಳೆ, ಮಾತಾಡಿ."

ರಿಸೀವರ್‌ನಲ್ಲಿ ಪುಸು ಪುಸು ಉಸಿರು. ಸ್ವಚ್ಛವಾದ, ಒಂದಿಷ್ಟೂ ಗೊರಗೊರ ಇಲ್ಲದ ಉಸಿರು. ಅದನ್ನೇ ಕೇಳುತ್ತಾ ನಿಂತೆ.

"ವಿನೂ, ಅಮ್ಮ ಕಣೋ. ಅಮ್ಮ ಈಗಲೇ ಬರ್ತಾ ಇದ್ದೀನಿ ಪುಟ್ಟಾ."

ಆ ಕಡೆಯಿಂದ ಒಂದು ಪುಟ್ಟ ದನಿ. ಆಮೇಲೆ ರಿಸೀವರ್ ಕೈಬಿಟ್ಟ ಸದ್ದು.

"ಏನಂದಳು? ಏನಂದಳೇ?" ಯಜಮಾನರು ನನ್ನ ಭುಜ ಅಲುಗಾಡಿಸುತ್ತಿದ್ದರು.

"ನಾಳೆ ಬಾ ಅಂದಳು."