ನೆಗ್ಗದೆ ಬಂದ ಕಾರು

ಇಲ್ಕ ಈವರೆಗೆ ಸಾವಿರಾರು ಕಾರುಗಳನ್ನು ನಜ್ಜುಗುಜ್ಜು ಮಾಡಿದ ಮಹಾಪುರುಷ. ಲಹ್ತಿ ಊರಿನ ವಿಡಿಯೋ ಗೇಮ್ ಕಂಪನಿಯೊಂದರಲ್ಲಿ ಅವನಿಗೆ ಅದೇ ಉದ್ಯೋಗ. ಕಾರಿಗೆ ಕಾರು ಗುದ್ದಿದರೆ ಬಾನೆಟ್ಟು ಎಷ್ಟು ಮುದುಡಬೇಕು, ಬಾಗಿಲು ಎಲ್ಲಿ ನೆಗ್ಗಬೇಕು, ಬಂಪರು ಎಷ್ಟು ಹೊತ್ತು ಜೋತಾಡಿ ಆಮೇಲೆ ಬೀಳಬೇಕು ಎಂದು ಕಂಪ್ಯೂಟರಿಗೆ ಪಾಠ ಹೇಳುವುದು. ಸ್ವಂತ ಜೀವನದಲ್ಲಿ ಮಾತ್ರ ಪುಣ್ಯಾತ್ಮ ಒಂದು ಕಾರಿಗೂ ಗೀರು ಹಾಕಿದವನಲ್ಲ. ಎಂಬತ್ತರ ರಸ್ತೆಯಲ್ಲಿ ಅರವತ್ತಕ್ಕೆ ಹೋಗುವವನು, ಮನೆಯ ಖಾಲಿ ಅಂಗಳದಲ್ಲಿ ತಿರುಗುವಾಗಲೂ ಇಂಡಿಕೇಟರ್ ಹಾಕುವವನು. (ಅಂಗಳದಲ್ಲಿ ನೋಡುವವರು ಯಾರು ಎನ್ನಬೇಡಿ. ಮೊಲಗಳಿವೆ.)

ಈ ಗುಟ್ಟು ಹೇಗೋ ಆಟವಾಡುವವರಿಗೆ ಗೊತ್ತಾಗಿಬಿಟ್ಟಿತು. ಹೊಸ ಗೇಮಿನ ಒಂದು ತುಣುಕನ್ನು ಹೊರಬಿಟ್ಟ ವಾರವೇ ಯಾರೋ ಬರೆದರು: 'ಈ ನೆಗ್ಗು ಮಾಡಿದವನು ಜನ್ಮದಲ್ಲಿ ಕಾರು ಗುದ್ದಿಲ್ಲ. ಬಾಗಿಲು ರಟ್ಟಿನ ಡಬ್ಬದ ಹಾಗೆ ಮಡಚಿಕೊಳ್ಳುತ್ತದೆ.' ಅದಕ್ಕೆ ಆರುನೂರು ಜನ ತಲೆದೂಗಿದರು. ಯಜಮಾನ ಎಸ್ಕೊ ಇಲ್ಕನನ್ನು ಕರೆದು, ಸೋಮವಾರದೊಳಗೆ ನಿಜವಾದ ನೆಗ್ಗು ತರದಿದ್ದರೆ ಆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದುಬಿಟ್ಟ.

ಆಗ ಇಲ್ಕನ ತಲೆಯಲ್ಲಿ ಒಂದು ದಿವ್ಯ ಉಪಾಯ ಮಿಂಚಿತು. ಭಾನುವಾರ ಊರಾಚೆಯ ಮರಳುಗುಂಡಿಯಲ್ಲಿ ಜನಸಾಮಾನ್ಯರ ರೇಸು. ಹಳೆಯ ಕಾರಿನ ಗಾಜು ಕಿತ್ತು, ಒಳಗೆ ಕಬ್ಬಿಣದ ಕಂಬಿ ಬಿಗಿದು, ಒಬ್ಬರ ಮೇಲೊಬ್ಬರು ಬಿದ್ದು ಓಡಿಸುವ ಓಟ. ಅಂಥ ಕಾರು ಅವನ ಶೆಡ್ಡಿನಲ್ಲೇ ಇತ್ತು. ಮಾವ ತೈಸ್ತೊ ಇಪ್ಪತ್ತು ವರ್ಷ ಓಡಿಸಿ, ನೆಗ್ಗುಗಳನ್ನೆಲ್ಲ ತಟ್ಟಿ ಸರಿಮಾಡಿ, ಕೆಂಪು ಬಣ್ಣ ಬಳಿದು ಮದುವೆಯಲ್ಲಿ ಅಳಿಯನಿಗೆ ಕೊಟ್ಟದ್ದು. ಕಾಗದದಲ್ಲಿ ಇಲ್ಕನ ಹೆಸರು, ಪ್ರಾಣವೆಲ್ಲ ಹೆಂಡತಿ ಸಾತುವಿನದು.

"ತಗೊಂಡ್ಹೋಗು," ಎಂದಳು ಸಾತು, ರೈ ಹಿಟ್ಟಿನ ರೊಟ್ಟಿಗೆ ಬೆಣ್ಣೆ ಸವರುತ್ತ. "ಆದ್ರೆ ಅಪ್ಪನ ಕಾರು ಸಂಜೆ ಸೌನಾ ಸ್ನಾನದ ಹೊತ್ತಿಗೆ ಮನೇಲಿರ್ಬೇಕು. ಅದಕ್ಕೇ ಹೇಳ್ತಿದೀನಿ, ಮೊದಲನೇ ತಿರುವಲ್ಲೇ ಯಾರಿಗಾದ್ರೂ ಗುದ್ದು."

"ಗುದ್ದೋಕೇ ತಾನೆ ಮಾರಾಯ್ತಿ ಹೋಗ್ತಿರೋದು?"

"ನೀನು ಗುದ್ದೋದನ್ನ ನಾನು ಕಾಣೆನಾ? ಕಾರು ನೆಗ್ಗದೆ ಬಂತೋ, ಅದು ನಮ್ಮದಲ್ಲ, ತಿಳ್ಕೊ."

ಅವಳ ಮಾತಿನಲ್ಲಿ ಹುರುಳಿತ್ತು. ಈ ರೇಸಿನಲ್ಲಿ ಓಡಿದ ಪ್ರತಿ ಕಾರೂ ಓಟ ಮುಗಿದ ಕೂಡಲೇ ಮಾರಾಟಕ್ಕೆ, ಎಲ್ಲಕ್ಕೂ ಒಂದೇ ಬೆಲೆ. ರೇಸಿನ ಲೈಸೆನ್ಸ್ ಇದ್ದವರು ಯಾರು ಬೇಕಾದರೂ ಚೀಟಿ ಹಾಕಬಹುದು. ಹಲವರು ಹಾಕಿದರೆ ಚೀಟಿ ಎತ್ತುತ್ತಾರೆ. ಕೊಡುವುದಿಲ್ಲ ಎಂದರೆ ಜಾತಿಯಿಂದ ಹೊರಗಿಟ್ಟ ಹಾಗೆ. ದುಡ್ಡಿದ್ದವನು ಭಾರಿ ಕಾರು ಕಟ್ಟಿಕೊಂಡು ಬಂದು ಮೆರೆಯಬಾರದೆಂದು ಹಿರಿಯರು ಮಾಡಿದ ಕಟ್ಟಳೆ ಅದು. ಹೀಗಾಗಿ ಕಾರಿನ ಮೇಲೆ ಪ್ರೀತಿ ಇದ್ದವನು ಅದನ್ನು ಚೆನ್ನಾಗಿ ನೆಗ್ಗಿಸಿಕೊಂಡೇ ಬರುತ್ತಾನೆ. ನೆಗ್ಗಿದ್ದನ್ನು ಯಾರು ಕೇಳುತ್ತಾರೆ? ಮಾವ ಇಪ್ಪತ್ತು ವರ್ಷ ಅದನ್ನು ಉಳಿಸಿಕೊಂಡದ್ದು ಹಾಗೆಯೇ.

ಭಾನುವಾರ ಇಲ್ಕ ಕಾರಿನ ಒಳಗೂ ಹೊರಗೂ ಒಂಬತ್ತು ಕ್ಯಾಮೆರಾ ಕಟ್ಟಿ ಸಾಲಿನಲ್ಲಿ ನಿಂತ. ಹಸಿರು ದೀಪ ಬಿತ್ತು ನೋಡಿ, ಅಬ್ಬಬ್ಬಾ, ಆರು ಕಾರುಗಳು ಒಟ್ಟಿಗೆ ಗರ್ಜಿಸಿ ಮಣ್ಣು ಹಾರಿಸಿಕೊಂಡು ನುಗ್ಗಿದವು! ಹಳದಿ ಕಾರು ನೀಲಿಗೆ ಗುದ್ದಿತು, ನೀಲಿಯದು ಬಿಳಿಯದರ ಪಕ್ಕೆಗೆ ಬಿತ್ತು, ಒಂದು ಚಕ್ರ ತನ್ನ ಪಾಡಿಗೆ ತಾನು ಕಾಡಿನ ಕಡೆ ಉರುಳಿಹೋಯಿತು. ಇಲ್ಕನಿಗೆ ಮೈಯೆಲ್ಲ ರೋಮಾಂಚನ. ಈಗ ಗುದ್ದುತ್ತೇನೆ, ಇಗೋ ಗುದ್ದಿಯೇಬಿಟ್ಟೆ ಎಂದುಕೊಳ್ಳುವಷ್ಟರಲ್ಲಿ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು, ಕೈ ತಾನಾಗಿ ಮೇಲೆದ್ದು 'ನೀವು ಹೋಗಿ, ನೀವು ಹೋಗಿ' ಎನ್ನುತ್ತಿತ್ತು. ಏಳು ಸುತ್ತೂ ಹೀಗೇ. ಆರು ಕಾರುಗಳಲ್ಲಿ ಮೂರು ಕೆಟ್ಟು ನಿಂತಿದ್ದರೂ ಉಳಿದವರಲ್ಲಿ ಕೊನೆಯವನಾಗಿ ಬಂದ. ಕೆಸರು ತೊಳೆದರೆ ಕಾರು ಮದುವೆಯ ದಿನ ಇದ್ದ ಹಾಗೆಯೇ ಇತ್ತು.

ಐದೇ ನಿಮಿಷದಲ್ಲಿ ಮೈಕು ಹೇಳಿತು: "ಕೆಂಪು ಕಾರಿಗೆ ಹನ್ನೊಂದು ಚೀಟಿ."

ಸಾಸೇಜು ಸುಡುತ್ತಿದ್ದ ಅಂಗಡಿಯ ಮುಂದೆ ಸಾತು ಸಾಸಿವೆ ಹಚ್ಚಿಕೊಂಡು ತಿನ್ನುತ್ತಿದ್ದಳು. ಇಲ್ಕ ಅಲ್ಲಿಗೆ ಓಡಿದ.

"ಸಾತು, ಎಲ್ಲಾದ್ರೂ ಒಂದು ಸುತ್ತಿಗೆ ಸಿಗುತ್ತಾ?"

"ಈಗ ಹೊಡೆದ್ರೆ ಮೋಸ. ಓಟದಲ್ಲಿ ಹೊಡೀಬೇಕಿತ್ತು."

"ನಿಮ್ಮಪ್ಪನಿಗೆ ಏನು ಮುಖ ತೋರಿಸ್ಲಿ ನಾನು?"

"ಇರೋ ಮುಖಾನೇ ತೋರಿಸು. ಅದಕ್ಕೂ ಒಂದು ಗೀರಿಲ್ವಲ್ಲ."

ಯಾರದೋ ಹೆಲ್ಮೆಟ್ಟಿನೊಳಗೆ ಹನ್ನೊಂದು ಚೀಟಿ ಹಾಕಿ ಕುಲುಕಿದರು. ಇಲ್ಕ ಕಣ್ಣು ಮುಚ್ಚಿಕೊಂಡ. ಮೈಕಿನವನು ಚೀಟಿ ಬಿಡಿಸಿ ಓದಿದ ಹೆಸರು ಸಾತುವಿನದು!

"ಲೈಸೆನ್ಸು?" ಎಂದ ಇಲ್ಕ, ಬಾಯಿ ಬಿಟ್ಟುಕೊಂಡು.

"ನೀನು ಹೆಸರು ಕೊಟ್ಟ ದಿನಾನೇ ಮಾಡಿಸ್ದೆ. ನಿನ್ನ ನಂಬಿ ಕೂತ್ಕೊಳಕ್ಕಾಗುತ್ತಾ?" ಎಂದವಳೇ ಅವನ ತಲೆಯ ಮೇಲಿದ್ದ ಹೆಲ್ಮೆಟ್ಟು ಕಿತ್ತು ತಾನು ಹಾಕಿಕೊಂಡಳು. ಹೆಂಗಸರ ಓಟ ಇನ್ನೂ ಬಾಕಿ ಇತ್ತು.

ಮೊದಲನೆಯ ತಿರುವು. ಢಮಾರ್! ಸಾತು ಪಕ್ಕದ ಕಾರನ್ನು ಮರಳುದಿಬ್ಬಕ್ಕೆ ಒತ್ತಿ ಹಿಡಿದು, ಅದರ ಬೆನ್ನು ಸವರಿಕೊಂಡು ಮುಂದೆ ಚಿಮ್ಮಿದಳು. ಇಲ್ಕ ಬೆಂಚಿನ ಮೇಲೆ ಹತ್ತಿ ಕುಣಿದ. ಪಕ್ಕದವರ ಕಾಫಿ ಚೆಲ್ಲಿತು. "ಬಾಗಿಲು ನೋಡ್ರೀ, ಮೊದಲು ಹಿಡಿ ಹತ್ರ ಒಳಗ್ಹೋಗುತ್ತೆ, ಆಮೇಲೆ ಅಂಚು ಏಳುತ್ತೆ. ಅಯ್ಯೋ, ಎಂಥಾ ಚಂದ!" ಹೆಂಡತಿಯ ಮೇಲೆ ಅವನಿಗೆ ಮದುವೆಯ ದಿನವೂ ಅಷ್ಟು ಪ್ರೀತಿ ಬಂದಿರಲಿಲ್ಲ. ಎರಡನೆಯವಳಾಗಿ ಬಂದ ಸಾತುವಿನ ಕಾರಿನ ಬಾನೆಟ್ಟು ಗುಡಾರದ ಹಾಗೆ ನಿಂತಿತ್ತು, ಬಂಪರು ಒಂದು ತಂತಿಯಲ್ಲಿ ನೇತಾಡುತ್ತಿತ್ತು. ಒಬ್ಬರೂ ಚೀಟಿ ಹಾಕಲಿಲ್ಲ. ಸೌನಾದ ಒಲೆ ಕಾಯುವ ಮೊದಲೇ ಕಾರು ಮನೆ ಸೇರಿತು.

ಸೋಮವಾರ ಎಸ್ಕೊ ಕ್ಯಾಮೆರಾಗಳಲ್ಲಿ ಸೆರೆಯಾದ ಸಾತುವಿನ ಓಟ ನೋಡಿ ಟೇಬಲ್ ಗುದ್ದಿದ. ಆ ನೆಗ್ಗುಗಳೆಲ್ಲ ಹಾಗೆಯೇ ಗೇಮಿಗೆ ಹೋದವು. ಇಲ್ಕ ಗೆದ್ದೆನೆಂದು ಉಬ್ಬಿಹೋದ. ಅಷ್ಟರಲ್ಲಿ ಎಸ್ಕೊ ಇನ್ನೊಂದು ಓಟವನ್ನೂ ಹಾಕಿಸಿದ, ಇಲ್ಕನದು. ನೋಡುತ್ತ ನೋಡುತ್ತ ನಕ್ಕು ನಕ್ಕು ಎಸ್ಕೊನ ಕಣ್ಣಲ್ಲಿ ನೀರು ಬಂತು.

"ಇಂಥಾ ಡ್ರೈವರನ್ನ ಕೂತು ಕಲ್ಪಿಸ್ಕೊಂಡ್ರೂ ಹುಟ್ಟಲ್ಲ ಕಣೋ. ಇದನ್ನೂ ಹಾಕು."

ಹಾಗೆ ಇಲ್ಕ ಗೇಮಿನೊಳಕ್ಕೆ ಹೋದ. ಕೆಂಪು ಕಾರು, ಎತ್ತಿದ ಕೈ, ಎಲ್ಲರಿಗೂ ದಾರಿ. ಅದಕ್ಕೆ ಗುದ್ದಿದವರಿಗೆ ಎರಡು ಪಟ್ಟು ಅಂಕ. ಈಗ ಯಾರಿಗೂ ರೇಸು ಗೆಲ್ಲುವ ಗೊಡವೆಯೇ ಇಲ್ಲ, ದೇಶ ವಿದೇಶದವರೆಲ್ಲ ಓಟ ಬಿಟ್ಟು ಇಲ್ಕನ ಬೆನ್ನು ಹತ್ತುತ್ತಾರೆ. ದಿನಕ್ಕೆ ನಲವತ್ತು ಸಾವಿರ ಸಲ ಅವನ ಬಾಗಿಲು ಒಳಗೆ ಹೋಗುತ್ತದೆ. ಅತಿ ಹೆಚ್ಚು ಸಲ ಗುದ್ದಿದವರ ಪಟ್ಟಿಯನ್ನು ಕಂಪನಿ ಪ್ರತಿ ಶುಕ್ರವಾರ ಹಾಕುತ್ತದೆ. ಮೊದಲ ಹೆಸರು ಸಾತು. ಎರಡನೆಯವರು ಮಾವ ತೈಸ್ತೊ. ಅಳಿಯನಿಗೆ ಗುದ್ದುವುದಕ್ಕೆಂದೇ ಎಂಬತ್ತೊಂದನೆಯ ವಯಸ್ಸಿನಲ್ಲಿ ಅವರು ಕಂಪ್ಯೂಟರ್ ಕೊಂಡಿದ್ದಾರೆ.