ಸೋಮೇಶನ ಚೀನಾ ಸಂಸಾರ

ಇಷ್ಟಕ್ಕೆಲ್ಲ ಕಾರಣ ಒಂದು ಖಾಲಿ ಸ್ಟೂಲು.

ಅದರ ಮೇಲೆ ಕೆಂಪು ಬಟ್ಟೆ ಹಾಸಿತ್ತು, ನೆರಳಿನಲ್ಲಿತ್ತು, ಯಾರೂ ಕೂತಿರಲಿಲ್ಲ. ಬೆಳಿಗ್ಗೆಯಿಂದ ಹೊಸ ಬೂಟು ಕಚ್ಚಿಸಿಕೊಂಡು ನಡೆದಿದ್ದ ಸೋಮೇಶನಿಗೆ ಅಷ್ಟು ಸಾಕಾಯಿತು. ಕೂತುಬಿಟ್ಟ.

ಸೋಮೇಶನದು ಆದೋನಿಯಲ್ಲಿ ಬೀಜ ಮತ್ತು ಕ್ರಿಮಿನಾಶಕದ ಅಂಗಡಿ. ಹತ್ತಿಬೀಜ ಹೆಚ್ಚು ಮಾರಿದ ಡೀಲರುಗಳನ್ನು ಕಂಪನಿಯವರು ಚೀನಾ ತೋರಿಸಲು ಕರೆತಂದಿದ್ದರು. ಆವತ್ತಿನ ಕಾರ್ಯಕ್ರಮ ಒಂದು ದೊಡ್ಡ ಪಾರ್ಕು. ಆ ದೇಶದ ಸಣ್ಣ ಸಣ್ಣ ಜನಾಂಗಗಳ ಮನೆ, ಉಡುಪು, ಕುಣಿತ, ಮದುವೆ ಎಲ್ಲವನ್ನೂ ಒಂದೇ ಕಾಂಪೌಂಡಿನೊಳಗೆ ಕಟ್ಟಿ ತೋರಿಸುವ ಜಾಗ. ಒಂದೊಂದು ಜನಾಂಗಕ್ಕೆ ಒಂದೊಂದು ಹಳ್ಳಿ, ಹಳ್ಳಿಗೂ ಹಳ್ಳಿಗೂ ನಡುವೆ ಐಸ್‌ಕ್ರೀಮ್ ಅಂಗಡಿ. ಮೊದಲ ಹಳ್ಳಿಯಲ್ಲಿ ಡೀಲರುಗಳು ಮನೆಯ ತೊಲೆ ಮುಟ್ಟಿ ನೋಡಿದರು. ಎರಡನೆಯದರಲ್ಲಿ ಫೋಟೋ ತೆಗೆದುಕೊಂಡರು. ಆಮೇಲೆ ಬರೀ ಕಾಲು ಎಳೆದರು.

"ಇದಿ ಮ್ಯಾವೊ ಜನಾಂಗದ ಊರು," ಎಂದ ಹೈದರಾಬಾದಿನ ಟೂರ್ ಮ್ಯಾನೇಜರ್ ಸೂರಿ, ತನಗೆ ಬರುವ ಅರ್ಧ ಕನ್ನಡದಲ್ಲಿ.

"ಇಲ್ಲಿ ಚಾ ಸಿಗತೈತೇನಪಾ?" ಎಂದು ಕೇಳಿದ ದೇವನಕೊಂಡದ ನರಸಣ್ಣ.

"ಸಿಗುತ್ತೆ ಅಣ್ಣಾ. ಹಾಲು ಹಾಕಲ್ಲ."

"ಮತ್ತ ಅದು ಚಾ ಅಲ್ಲೇಳು, ಎಲಿ ತೊಳದ ನೀರು."

ಎಲ್ಲರೂ ದಣಿದಿದ್ದರು. ಆದರೆ ಸೋಮೇಶನಿಗೆ ದಣಿವನ್ನು ತೋರಿಸಿಕೊಳ್ಳುವ ಹಾಗೂ ಇರಲಿಲ್ಲ. ಎಮ್ಮಿಗನೂರಿನ ಡೀಲರು ಸಿದ್ದಬಸಪ್ಪನವರು ಜೊತೆಯಲ್ಲಿದ್ದರು. ಅವರ ಮಗಳು ವಿಜಯಶ್ರೀಯನ್ನು ಸೋಮೇಶನಿಗೆ ಕೊಡುವ ಮಾತಾಗಿತ್ತು. ತಿರುಗಿ ಹೋದ ವಾರವೇ ನಿಶ್ಚಯ. ಸೋಮೇಶನಿಗೆ ಮೂವತ್ತಮೂರು ದಾಟಿತ್ತು. ಇದಕ್ಕೆ ಮೊದಲು ನೋಡಲು ಹೋದ ಮನೆಗಳಲ್ಲೆಲ್ಲ ಹುಡುಗಿಯರು ಉಪ್ಪಿಟ್ಟು ಕೊಟ್ಟು, ಮೂಗಿಗೆ ಸೆರಗು ಹಿಡಿದು ಒಳಗೆ ಹೋಗಿದ್ದರು. ಎಷ್ಟು ಸೋಪು ಹಚ್ಚಿದರೂ ಅವನ ಮೈಗೆ ಹತ್ತಿದ ಔಷಧಿ ವಾಸನೆ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುವ ವಿಜಯಶ್ರೀ ಮಾತ್ರ ಮೂಗು ಮುಚ್ಚಿಕೊಂಡಿರಲಿಲ್ಲ. "ವಾಸನಿ ಬರತೈತಿ ಖರೆ. ಆದ್ರ ಮನಿಗೆ ಹುಳ ಬರಂಗಿಲ್ಲಲ್ಲ," ಎಂದು ನಕ್ಕಿದ್ದಳು. ಆ ನಗುವಿಗಾಗಿ ಸೋಮೇಶ ಸಿದ್ದಬಸಪ್ಪನವರ ಬ್ಯಾಗನ್ನು ಆದೋನಿಯಿಂದ ಚೀನಾದವರೆಗೂ ಹೊತ್ತು ತಂದಿದ್ದ.

ಸ್ಟೂಲಿನ ಮೇಲೆ ಕೂತು ಬೂಟಿನ ಲೇಸು ಸಡಿಲಿಸುವಾಗ ಡೋಲು ಬಡಿಯಲು ಶುರುವಾಯಿತು. ತಲೆ ಎತ್ತಿದರೆ ಎದುರಿಗೆ ಒಬ್ಬ ಹುಡುಗಿ. ತಲೆಯ ಮೇಲೆ ಹೋರಿಯ ಕೊಂಬಿನಷ್ಟು ದೊಡ್ಡ ಬೆಳ್ಳಿಯ ಕಿರೀಟ, ಎದೆ ತುಂಬ ಬೆಳ್ಳಿಯ ಸರ. ಅವಳು ಅವನ ಹೆಗಲಿಗೆ ಕಸೂತಿಯ ಪಟ್ಟಿ ಹೊದಿಸಿ, ಕೊರಳಿಗೆ ಹಾರ ಹಾಕಿದಳು.

ನಮ್ಮ ಕಡೆ ಯಾರಿಗಾದರೂ ಶಾಲು ಹೊದಿಸಿದರೆ ಅದಕ್ಕೆ ಒಂದೇ ಅರ್ಥ, ಸನ್ಮಾನ. ಡೀಲರುಗಳ ಸಂಘದಲ್ಲಿ ಇಷ್ಟು ವರ್ಷ ಇದ್ದರೂ ಸೋಮೇಶನಿಗೆ ಯಾರೂ ಒಂದು ಟವೆಲ್ಲೂ ಹೊದಿಸಿರಲಿಲ್ಲ. ಕೊನೆಗೂ ಕಂಪನಿಯವರಿಗೆ ನೆನಪಾಯಿತಲ್ಲ ಎಂದುಕೊಂಡು ಅವನು ಕೈ ಮುಗಿದು, ತಲೆ ಬಾಗಿಸಿ ಕೂತ. ಹುಡುಗಿ ಪಕ್ಕದ ಸ್ಟೂಲಿನ ಮೇಲೆ ಕೂತಳು. ನಾಲ್ಕು ಜನ ಬಂದು ಇಬ್ಬರ ತಲೆಯ ಮೇಲೂ ಕೆಂಪು ಬಟ್ಟೆ ಎತ್ತಿ ಹಿಡಿದರು.

ಅದು ಪ್ರವಾಸಿಗರಲ್ಲಿ ಒಬ್ಬನನ್ನು ಮದುಮಗ ಮಾಡಿ ಆಡುವ ಮದುವೆ ಆಟ. ಸ್ಟೂಲಿನ ಮೇಲೆ ಕೂತವನೇ ಮದುಮಗ. ಸೂರಿ ಇದನ್ನು ಬಸ್ಸಿನಲ್ಲೇ ಹೇಳಿದ್ದ. ಆಗ ಎಲ್ಲರೂ ನಿದ್ದೆ ಮಾಡುತ್ತಿದ್ದರು.

ಆಟ ಆಟವಾಗಿಯೇ ಮುಗಿಯುತ್ತಿತ್ತು. ಆದರೆ ಗುಂಪಿನಲ್ಲಿ ಮದ್ದಿಕೇರದ ಈರಯ್ಯಸ್ವಾಮಿ ಇದ್ದರು. ಅವರದು ಗೊಬ್ಬರದ ಅಂಗಡಿ. ಅದಕ್ಕಿಂತ ಮೊದಲಿನಿಂದ ಐನೋರಿಕೆ. ಸುತ್ತಲಿನ ಊರುಗಳ ಲಗ್ನವೆಲ್ಲ ಅವರ ಬಾಯಿಂದಲೇ ಆಗಬೇಕು. ಕೊರಳಲ್ಲಿ ಹಾರ ಹಾಕಿಕೊಂಡು ಒಂದು ಗಂಡು ಒಂದು ಹೆಣ್ಣು ಅಕ್ಕಪಕ್ಕ ಕೂತದ್ದು ಕಣ್ಣಿಗೆ ಬಿದ್ದದ್ದೇ, ಕರೆಂಟು ಬಂದ ಕೂಡಲೇ ತಾನಾಗಿ ಚಾಲೂ ಆಗುವ ಬೋರಿನ ಮೋಟರಿನಂತೆ ಅವರ ಬಾಯಿ ಶುರುವಾಯಿತು. ಮಂಗಳಾಷ್ಟಕ ಪೂರ್ತಿ ಹೇಳಿ, "ಸಾವಧಾನ!" ಎಂದು ಕೂಗಿದರು.

ಉಳಿದವರ ಕೈಯಲ್ಲಿ ಅರಿಶಿನ ಬಣ್ಣದ ಅನ್ನ ಇತ್ತು. ತಿಂದು ನೋಡಲಿ ಎಂದು ಪಾರ್ಕಿನವರು ಎಲೆಯಲ್ಲಿ ಕೊಟ್ಟದ್ದು. 'ಸಾವಧಾನ' ಎಂದ ಮೇಲೆ ಕೈಯಲ್ಲಿರುವ ಹಳದಿ ಅಕ್ಕಿಯನ್ನು ಯಾರು ತಿನ್ನುತ್ತಾರೆ? ಎಲ್ಲರೂ ಒಮ್ಮೆಗೇ ಎಸೆದರು. ಮೊದಲ ಹಿಡಿ ಹಾಕಿದವರು ಸಿದ್ದಬಸಪ್ಪನವರೇ. ಹಾಕಿದ ಮೇಲೆ ಮದುಮಗ ಯಾರೆಂದು ನೋಡಿದರು.

ಅಂಟು ಅನ್ನ ಸೋಮೇಶನ ಕೂದಲಿಗೆ ಕಚ್ಚಿಕೊಂಡಿತು. ಹುಡುಗಿ ಕಿರೀಟ ಒರೆಸಿಕೊಳ್ಳುತ್ತ ಎದ್ದು ಹೋದಳು. ಅಷ್ಟರಲ್ಲಿ ನರಸಣ್ಣ ವಿಡಿಯೋ ಮಾಡಿ, 'ಸೋಮೇಶಣ್ಣನಿಗೆ ಹ್ಯಾಪಿ ಮ್ಯಾರೀಡ್ ಲೈಫ್' ಎಂದು ಬರೆದು ಡೀಲರುಗಳ ಗ್ರೂಪಿಗೆ ಹಾಕಿಯಾಗಿತ್ತು.

ಚೀನಾದಿಂದ ಎಮ್ಮಿಗನೂರು ಅಷ್ಟು ದೂರವೇನಲ್ಲ. ಜನ ಕೂದಲಿನ ಅನ್ನ ಬಿಡಿಸಿಕೊಡುತ್ತಿರುವಾಗಲೇ ಸಿದ್ದಬಸಪ್ಪನವರ ಫೋನು ರಿಂಗಾಯಿತು. ಅವರ ತಾಯಿ ಹೂವಮ್ಮ. ಮುದುಕಿಯ ದನಿಗೆ ಸ್ಪೀಕರ್ ಬೇಕಿರಲಿಲ್ಲ.

"ಸಿದ್ದಾ, ಅಕ್ಕಿಕಾಳು ಬಿದ್ದಾವೇನಲೇ?"

"ಯವ್ವಾ, ಅದು ಸುಮ್ನೆ ಆಟ..."

"ಬಿದ್ದಾವೋ ಇಲ್ಲೋ?"

"ಬಿದ್ದಾವ."

"ಐನೋರು ಮಂತ್ರ ಅಂದಾರೋ ಇಲ್ಲೋ?"

"ಅಂದಾರ."

"ಮತ್ತ ಆತಲ್ಲ ಲಗ್ನ! ನನ್ನ ಮೊಮ್ಮಗಳನ್ನ ಸವತಿ ಮ್ಯಾಲೆ ಕೊಡ್ತೀಯೇನೋ ಮೂಳಾ? ಅದೂ ಅಷ್ಟು ಬೆಳ್ಳಿ ಹಾಕ್ಕಂಡ ಸವತಿ!"

ಫೋನು ಕಟ್ಟಾಯಿತು. ಸಿದ್ದಬಸಪ್ಪನವರು ಸೋಮೇಶನ ಹೆಗಲಿನಿಂದ ತಮ್ಮ ಬ್ಯಾಗನ್ನು ಇಳಿಸಿಕೊಂಡರು.

ಅಲ್ಲೇ ಬಿದಿರಿನ ಚಪ್ಪರದ ಕೆಳಗೆ ಪಂಚಾಯ್ತಿ ಕೂತಿತು.

"ಅದು ಅಕ್ಷತಿ ಹೆಂಗಾತು ಬಿಡ್ರಿ," ಎಂದ ನರಸಣ್ಣ, ತಾನು ಹಚ್ಚಿದ ಬೆಂಕಿಗೆ ತಾನೇ ನೀರು ಹಾಕುವವನಂತೆ. "ಬೆಂದ ಅನ್ನ ಅದು. ಬೆಂದದ್ದಕ್ಕ ಲೆಕ್ಕ ಇಲ್ಲ."

ಈರಯ್ಯಸ್ವಾಮಿಗೆ ರೇಗಿತು. "ಹಂಗಂದ್ರ ನನ್ನ ಮಂತ್ರಕ್ಕೂ ಲೆಕ್ಕ ಇಲ್ಲೇನು? ನಾ ಅಂದ ಲಗ್ನ ಇಲ್ಲೀತನ ಒಂದೂ ಸುಳ್ಳಾಗಿಲ್ಲ. ಅನ್ನ ಬೆಂದಿರಲಿ, ಬೇಯದಿರಲಿ, ಇವಗ ಲಗ್ನ ಆಗೈತಿ."

"ಅಯ್ಯೋ ಸ್ವಾಮಿ, ಆ ಅಮ್ಮಾಯಿಗೆ ದಿನಾಲು ಇದೇ ಪನಿ," ಎಂದ ಸೂರಿ. "ಬೆಳಿಗ್ಗೆ ನಿಂಚಿ ಸಾಯಂತ್ರದವರೆಗೂ ಮದುವೆ ಆಗ್ತಾನೇ ಇರ್ತಾಳೆ."

"ಉಳದೋರಿಗೆ ಐನೋರು ಇರಲಿಲ್ಲಪಾ. ಇವಗ ನಾ ಇದ್ದೆ," ಎಂದರು ಈರಯ್ಯಸ್ವಾಮಿ.



"ಹಂಗಾದ್ರ ದಾರಿ?" ಎಂದರು ಸಿದ್ದಬಸಪ್ಪ.

"ನಮ್ಮ ಕಡಿ ಏನು ಮಾಡ್ತೀವಿ? ಬಿಡುಗಡಿ. ನಾಕು ಮಂದಿ ಹಿರೇರ ಮುಂದ ಗಂಡ ಒಂದು ಕಡ್ಡಿ ಮುರೀಬೇಕು, ಹೆಂಡತಿ ಒಂದು ಕಡ್ಡಿ ಮುರೀಬೇಕು. ಅಲ್ಲಿಗೆ ಹರೀತು. ವಿಡಿಯೋ ತೆಗೆದು ನಿಮ್ಮವ್ವಗ ಕಳಸ್ರಿ," ಎಂದರು ಈರಯ್ಯಸ್ವಾಮಿ.

ಎಲ್ಲರೂ ಸೋಮೇಶನ ಕಡೆ ನೋಡಿದರು. ಇದು ಆಟ ಕಣ್ರಯ್ಯಾ, ಎಲ್ಲರೂ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿ ಎನ್ನಬೇಕೆಂದು ಅವನಿಗೂ ಅನ್ನಿಸಿತು. ಆದರೆ ಸಿದ್ದಬಸಪ್ಪನವರು ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಹೇಗಾದರೂ ಮುಗಿದರೆ ಸಾಕೆಂದು ತಲೆಯಾಡಿಸಿದ.

ಹುಡುಗಿಯನ್ನು ಹುಡುಕಬೇಕಾಯಿತು. ಬೆಳ್ಳಿ ಕಿರೀಟ ಕಂಡಲ್ಲೆಲ್ಲ ಡೀಲರುಗಳ ಗುಂಪು ಹಿಂಡು ತಪ್ಪಿದ ಕುರಿಗಳಂತೆ ನುಗ್ಗಿತು. ಆ ಊರಿನ ಹುಡುಗಿಯರೆಲ್ಲ ಅದನ್ನೇ ಹಾಕಿಕೊಂಡಿದ್ದರು.

"ನಿನ್ನ ಹೆಣ್ತಿ ಮುಖ ಗುರುತಿಲ್ಲೇನಲೇ ನಿನಗ?" ಎಂದು ನರಸಣ್ಣ ಬೈದ.

"ನಾ ತಲಿ ಬಗ್ಗಿಸಿದ್ದೆ ಅಣ್ಣಾ. ಕಾಲು ನೋಡೀನಿ."

ಕೊನೆಗೆ ಅವಳು ಸಿಕ್ಕಿದ್ದು ವೇದಿಕೆಯ ಹಿಂದೆ. ಕಿರೀಟ ಬಿಚ್ಚಿ ಕುರ್ಚಿಯ ಮೇಲಿಟ್ಟಿದ್ದಳು. ಅದರ ಭಾರಕ್ಕೆ ಹಣೆಯಲ್ಲಿ ಕೆಂಪು ಗೆರೆ ಮೂಡಿತ್ತು. ಚಪ್ಪಲಿ ಕಳಚಿ, ಕಾಲು ಚಾಚಿ, ತೊಡೆಯ ಮೇಲೆ ನೂಡಲ್ಸಿನ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಇಡೀ ಪಾರ್ಕಿನಲ್ಲಿ ಸೋಮೇಶನಷ್ಟೇ ದಣಿದವರು ಯಾರಾದರೂ ಇದ್ದರೆ ಅವಳೊಬ್ಬಳೇ.

ಹಿರಿಯರು ಸುತ್ತ ನಿಂತರು. ಸೂರಿ ಫೋನಿನಲ್ಲಿ ಏನೋ ಒತ್ತಿದ, ಫೋನು ಚೀನಿಯಲ್ಲಿ ಮಾತಾಡಿತು. ಹುಡುಗಿಯೂ ಏನೋ ಹೇಳಿದಳು.

"ಏನಂತಾಳ?"

"ಆಟ ಚೆನ್ನಾಗಿರಲಿಲ್ವಾ, ಕಂಪ್ಲೇಂಟ್ ಮಾಡಾಕ ಬಂದ್ರಾ ಅಂತ ಕೇಳ್ತಾಳೆ."

"ಚಲೋ ಇತ್ತು ಅನ್ನು. ಬಿಡುಗಡಿ ಕೊಡ್ತೀಯೇನು ಕೇಳು," ಎಂದರು ಈರಯ್ಯಸ್ವಾಮಿ.

ಸೂರಿ ಫೋನು ನೋಡಿದ, ಹುಡುಗಿಯನ್ನು ನೋಡಿದ. ಆ ಮಾತನ್ನು ಕೇಳುವ ಮುಖ ಅವನಿಗಿರಲಿಲ್ಲ. "ಊಟ ಮಾಡಮ್ಮಾ" ಎಂದು ಒತ್ತಿದ.

ಹುಡುಗಿ ತಲೆಯಾಡಿಸಿ, ಡಬ್ಬಿಯ ಜೊತೆ ಬಂದ ಮರದ ಜೋಡಿಕಡ್ಡಿಯನ್ನು ಕಾಗದದಿಂದ ತೆಗೆದಳು. ತಿನ್ನುವ ಮೊದಲು ಎಲ್ಲರೂ ಮಾಡುವ ಹಾಗೆ, ಅಂಟಿಕೊಂಡಿದ್ದ ಎರಡು ಕಡ್ಡಿಯನ್ನು ಚಟ್ಟನೆ ಮುರಿದು ಬೇರೆ ಮಾಡಿದಳು.

"ಮುರದ್ಲು!" ಎಂದು ಈರಯ್ಯಸ್ವಾಮಿ ಕೂಗಿದರು. "ಎಷ್ಟು ತಿಳದಾಕಿ ನೋಡ್ರಿ! ಸೋಮೇಶಾ, ನಿಂದು!"

ಅಲ್ಲಿದ್ದ ಖಾಲಿ ಡಬ್ಬಿಗಳ ಪಕ್ಕ ಬಿದ್ದಿದ್ದ ಇನ್ನೊಂದು ಕಡ್ಡಿಯನ್ನು ಯಾರೋ ಅವನ ಕೈಗಿಟ್ಟರು. ಸೋಮೇಶ ಬೆಳಿಗ್ಗೆಯಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಹಾಕಿ ಮುರಿದ. ಒಂದು ತುಂಡು ಹಾರಿ ಸೂರಿಯ ಕನ್ನಡಕಕ್ಕೆ ಬಡಿಯಿತು. ಡೀಲರುಗಳು ಚಪ್ಪಾಳೆ ತಟ್ಟಿದರು.

ಕಡ್ಡಿ ಹಿಡಿದು ನಿಂತವನು ಹಸಿದಿದ್ದಾನೆ ಎಂದುಕೊಂಡಳೋ ಏನೋ, ಹುಡುಗಿ ತನ್ನ ಡಬ್ಬಿಯನ್ನು ಅವನ ಕಡೆ ಚಾಚಿದಳು. ಇನ್ನೂ ಒಂದು ತುತ್ತೂ ತಿಂದಿರಲಿಲ್ಲ ಅವಳು.

"ಬ್ಯಾಡ ಬ್ಯಾಡ," ಎಂದು ಸೋಮೇಶ ಎರಡು ಹೆಜ್ಜೆ ಹಿಂದೆ ಸರಿದ. "ಇನ್ನ ನಿನಗೂ ನನಗೂ ಏನೂ ಸಂಬಂಧ ಇಲ್ಲವ್ವಾ."

ನರಸಣ್ಣನ ಕ್ಯಾಮೆರಾ ಕಡೆ ತಿರುಗಿ, ಹೆಬ್ಬೆರಳೆತ್ತಿ ನಕ್ಕ. ವಿಡಿಯೋ ಹೋಯಿತು. ಸಿದ್ದಬಸಪ್ಪನವರು ತಾಯಿಗೆ ಫೋನು ಮಾಡಲು ಅತ್ತ ಹೋದರು; ಹೋಗುವ ಮೊದಲು ಬ್ಯಾಗನ್ನು ಮತ್ತೆ ಸೋಮೇಶನ ಹೆಗಲಿಗೆ ಹಾಕಿದರು. ಆ ಭಾರ ಅವನಿಗೆ ಹಾಯೆನಿಸಿತು.

ಅವನು ಬೂಟು ಬಿಚ್ಚಿ, ಹುಲ್ಲಿನ ಮೇಲೆ ಕೂತು ಹಿಮ್ಮಡಿ ನೋಡಿಕೊಳ್ಳುತ್ತಿರುವಾಗ ವಿಜಯಶ್ರೀಯ ಫೋನು ಬಂತು.

"ಮದುವಿ ವಿಡಿಯೋ ನೋಡಿದೆ ರಿ," ಎಂದಳು. ದನಿಯಲ್ಲಿ ನಗುವಿತ್ತು. "ನಮ್ಮ ಸ್ಟಾಫ್ ರೂಮಿನಾಗ ಎಲ್ಲಾರೂ ಬಿದ್ದುಬಿದ್ದು ನಕ್ವಿ. ತಲಿ ಮ್ಯಾಲೆ ಅನ್ನ ಅಂಟಿಸ್ಕಂಡು ಎಷ್ಟು ಗಂಭೀರ ಕುಂತಿದ್ರಿ!"

ಸೋಮೇಶನ ಜೀವ ಮರಳಿತು. "ನಿಮಗ ಸಿಟ್ಟು ಬರ್ಲಿಲ್ಲಾ?"

"ಅದಕ್ಯಾಕ ಸಿಟ್ಟು? ಆಟ ಅದು. ನಮ್ಮಜ್ಜಿಗೆ ನಾನೇ ತಿಳಿಸಿ ಹೇಳಾಕತ್ತಿದ್ದೆ. ಆಕಿನೂ ಒಪ್ಪಾಕ ಬಂದಿದ್ಲು. ಅಷ್ಟರಾಗ ಎರಡನೇ ವಿಡಿಯೋ ಬಂತು."

"ಹ್ಞಾಂ, ಅದರಾಗ ಎಲ್ಲಾ ಬಗಿಹರೀತು ರಿ. ಇನ್ನೇನು ಚಿಂತಿ ಇಲ್ಲ."

ವಿಜಯಶ್ರೀಯ ದನಿಯಲ್ಲಿ ಈಗ ನಗುವಿರಲಿಲ್ಲ.

"ಆಕಿ ಹೆಸರೇನು ರಿ?"

"ಯಾರದು?"

"ನೀವು ಬಿಟ್ಟಾಕಿದು."

ಸೋಮೇಶನಿಗೆ ಗೊತ್ತಿರಲಿಲ್ಲ.

"ನೋಡ್ರಿ, ಅದು ಆಟ ಅಂದ್ರ, ಇದು ಆಟ ಅಂತ ಅಷ್ಟು ಮಂದಿ ಮುಂದ ಒಂದು ಮಾತು ಹೇಳಾಕ ನಿಮಗ ಬಾಯಿ ಬರ್ಲಿಲ್ಲ. ಖರೇ ಮದುವಿ ಅಂದ್ರ, ದೊಡ್ಡೋರು ಬಿಡು ಅಂದ್ರು ಅಂತ ಒಂದು ತಾಸಿನಾಗ ಹೆಣ್ತಿನ ಬಿಟ್ರಿ. ಏನು ತಪ್ಪು ಮಾಡಿದ್ಲು ಆಕಿ? ತನ್ನ ಊಟ ನಿಮಗ ಕೊಡಾಕ ಬಂದ್ಲು. ನೀವು ಹೆಬ್ಬೆಟ್ಟು ತೋರಿಸಿ ನಕ್ರಿ."

"ನಿಮ್ಮ ಸಲುವಾಗಿನೇ ರಿ..."

"ಗೊತ್ತಾತು. ನಾಳೆ ಯಾರ ಸಲುವಾಗಿ ನನ್ನ ಕೈಗೆ ಕಡ್ಡಿ ಕೊಡ್ತೀರೋ ಅದು ಗೊತ್ತಿಲ್ಲಲ್ಲ. ನನಗ ಈ ಸಂಬಂಧ ಬ್ಯಾಡ ರಿ. ನಾ ಹೇಳಿದ್ರ ನಮ್ಮಪ್ಪ ಕೇಳಂಗಿಲ್ಲ. ನಿಮಗ ನಿಮ್ಮ ಮ್ಯಾಲೆ ಏನಾರ ಮರ್ಯಾದಿ ಇದ್ರ ನೀವೇ ಹೇಳ್ರಿ ಅವರಿಗೆ."

ಫೋನು ಇಟ್ಟಳು.

ಸೋಮೇಶ ಬರಿಗಾಲಿನಲ್ಲಿ ಹುಲ್ಲಿನ ಮೇಲೆ ಕೂತೇ ಇದ್ದ. ಅತ್ತಲಿಂದ ಸಿದ್ದಬಸಪ್ಪನವರು ಮುಖ ಅರಳಿಸಿಕೊಂಡು ಬಂದರು. ಹಿಂದೆ ಈರಯ್ಯಸ್ವಾಮಿ, ನರಸಣ್ಣ.

"ನಮ್ಮವ್ವ ಒಪ್ಪಿದ್ಲಪಾ! ಹಿರೇರ ಮಾತು ಮೀರದ ಹುಡುಗ, ಇಂಥ ಅಳಿಯ ಎಲ್ಲಿ ಸಿಗ್ತಾನ ಅಂದ್ಲು. ನಿಶ್ಚಯ ಗಿಶ್ಚಯ ಬ್ಯಾಡಂತ, ಊರಿಗೆ ಹೋದ ಕೂಡ್ಲೇ ಲಗ್ನನೇ ಇಟ್ಟುಬಿಡು ಅಂದಾಳ. ಐನೋರು ಮುಹೂರ್ತ ನೋಡಿದ್ರು. ಏನಂತಿಯಪಾ?"

ಹೇಳಬೇಕಾದ ಮಾತು ಸೋಮೇಶನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವನು ಬಾಯಿ ತೆರೆದ. ಮೂವರೂ ಹಿರಿಯರು ನಗುತ್ತ ಕಾದರು.

"ನೀವು ಹೆಂಗ ಹೇಳಿದ್ರ ಹಂಗ ರಿ," ಎಂದ ಸೋಮೇಶ.